ಓಡದ ಬೈಕಿಗೆ ಎಷ್ಟು ಕೊಡಬೇಕು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ದಿಗಳು ಮಾತ್ರ ಇನ್ನೂ ಊರು ಬಿಟ್ಟಿಲ್ಲ. ಕೆಲವು ರಸ್ತೆಯ ಮೇಲೆ ಗುಡುಗುತ್ತಿವೆ. ಕೆಲವು ಗೋಣಿಚೀಲ ಹೊದ್ದು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿವೆ. ಅಂಥದೊಂದನ್ನು ಕೊಂಡು ರಿಪೇರಿ ಮಾಡುವ ಹುಚ್ಚು ಕಾಲೇಜು ಹುಡುಗರಿಗೆ ಹತ್ತುವುದುಂಟು. ಆಗ ಅಪ್ಪಂದಿರು ಕೇಳುವ ಪ್ರಶ್ನೆ: "ಓಡದ ಗಾಡಿಗೆ ಬೆಲೆ ಹೇಗೆ ಕಟ್ಟುತ್ತೀಯೋ?"

ಮಾರುವವರ ಉತ್ತರ ಸಿದ್ಧವಾಗಿರುತ್ತದೆ: "ಸಣ್ಣ ರಿಪೇರಿ ಅಷ್ಟೇ ಸ್ವಾಮಿ." ಸಣ್ಣದೇ ಆಗಿದ್ದರೆ ಅವರೇ ಮಾಡಿಸಿ ಹೆಚ್ಚು ಬೆಲೆಗೆ ಮಾರುತ್ತಿರಲಿಲ್ಲವೇ?

ಲೆಕ್ಕವನ್ನು ಕೊನೆಯಿಂದ ಶುರು ಮಾಡಬೇಕು. ಅದೇ ಮಾದರಿಯ, ಚೆನ್ನಾಗಿ ಓಡುವ ಬೈಕಿಗೆ 90,000 ರೂಪಾಯಿ ಎಂದಿಟ್ಟುಕೊಳ್ಳಿ. ಎಂಜಿನ್ ಕೆಲಸಕ್ಕೆ 25,000, ಬಣ್ಣ ಮತ್ತು ಕ್ರೋಮಿಗೆ 20,000, ಟೈರು-ವೈರಿಂಗಿಗೆ 10,000, ಕಣ್ಣಿಗೆ ಕಾಣದ ಖರ್ಚಿಗೆ ಇನ್ನೊಂದು 10,000 ಕಳೆಯಿರಿ. ಉಳಿದ 25,000 ರೂಪಾಯಿ ನ್ಯಾಯವಾದ ಬೆಲೆ. ಇವು ಬರೀ ಉದಾಹರಣೆಯ ಅಂಕಿಗಳು. ನಿಜವಾದವನ್ನು ಮೆಕ್ಯಾನಿಕ್ಕನ್ನು ಕೇಳಿಯೇ ಬರೆಯಬೇಕು.

ಎಂಜಿನ್ನಿನ ಸ್ಥಿತಿ ತಿಳಿಯುವುದು ಹೇಗೆ? ಯೆಜ್ದಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಅದನ್ನು ಕೈಯಿಂದ ಮೆಲ್ಲಗೆ ಅದುಮಿ ನೋಡಿ. ಬಿಗಿಯಾಗಿ ತಡೆದು ಆಮೇಲೆ ಸಡಿಲವಾದರೆ ಸಿಲಿಂಡರಿನಲ್ಲಿ ಒತ್ತಡ ಉಳಿದಿದೆ. ತಡೆಯೇ ಇಲ್ಲದಿದ್ದರೆ ರಿಂಗು ಸವೆದಿರಬಹುದು. ಅಲುಗಾಡದಿದ್ದರೆ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಕಾಲಿನಿಂದ ಒದೆಯಬೇಡಿ, ಖರ್ಚಿನ ಅಂಕಿಯನ್ನು ಹೆಚ್ಚಿಸಿ ಬರೆಯಿರಿ.

ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ಕಾಗದಪತ್ರ. ಖಾಸಗಿ ಬೈಕಿನ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಎಂಜಿನ್ ಮತ್ತು ಚಾಸಿ ನಂಬರುಗಳು ಆರ್.ಸಿ.ಯಲ್ಲಿರುವಂತೆಯೇ ಇರಬೇಕು. ಕಾಗದವೇ ಇಲ್ಲದ ಬೈಕು ಬಿಡಿಭಾಗಗಳ ಗುಡ್ಡೆ. ಅದಕ್ಕೆ ಬಿಡಿಭಾಗದ ಬೆಲೆಯಷ್ಟೇ.

ಒಬ್ಬ ಹುಡುಗ ಇದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಪ್ಪನೊಡನೆ ಹಳ್ಳಿಯ ಮನೆಯೊಂದಕ್ಕೆ ಹೋದ. ಬೈಕಿನ ಯಜಮಾನರು ತೀರಿಕೊಂಡಿದ್ದರು. ಗುಜರಿಯವನು 5,000ಕ್ಕೆ ಕೇಳಿ ಹೋಗಿದ್ದ. "ನನಗೇನು ಗೊತ್ತಪ್ಪ, ನೀವೇ ನೋಡಿ ಕೊಡಿ" ಎಂದರು ಅವರ ಹೆಂಡತಿ. ಹುಡುಗನ ಲೆಕ್ಕ 22,000ಕ್ಕೆ ಬಂದು ನಿಂತಿತ್ತು.

"ಎಂಟು ಅಂದರೂ ಒಪ್ಪುತ್ತಾರಪ್ಪ" ಎಂದು ಆತ ಅಪ್ಪನ ಕಿವಿಯಲ್ಲಿ ಉಸುರಿದ.

"ನಿನ್ನ ಲೆಕ್ಕವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು" ಎಂದರು ಅಪ್ಪ.

ಹುಡುಗ ಓದಿದ. ಆಕೆ ಒಂದೊಂದು ಸಾಲಿಗೂ ತಲೆಯಾಡಿಸಿ, ಬಣ್ಣಕ್ಕೆ ಅಷ್ಟು ಏಕೆಂದು ಕೇಳಿ, ಉತ್ತರ ಕೇಳಿಸಿಕೊಂಡು ಒಪ್ಪಿದರು. ಆರ್.ಸಿ. ಮೊದಲು ಅವರ ಹೆಸರಿಗೆ ಬಂದು, ಆಮೇಲೆ ಹುಡುಗನ ಅಪ್ಪನ ಹೆಸರಿಗೆ ಬದಲಾಗಬೇಕಿತ್ತು. ಅರ್ಧ ಹಣ ಅಂದೇ, ಉಳಿದರ್ಧ ಆ ಕೆಲಸ ಮುಗಿದ ಮೇಲೆ ಎಂದಾಯಿತು.

ಗೊತ್ತಿಲ್ಲದವರ ಮುಂದೆ ಮುಚ್ಚಿಡಬೇಕಾದ ಲೆಕ್ಕ ಎಷ್ಟೇ ಲಾಭದ್ದಾದರೂ ನ್ಯಾಯದ್ದಲ್ಲ. ಕೊಟ್ಟಿಗೆಯ ಬೈಕಿನ ಮುಂದೆ ನಿಂತಾಗ ಮಕ್ಕಳೂ ಹಿರಿಯರೂ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.