571115ರ ಒಳಗೆ

ಸಂತೆಮರಹಳ್ಳಿ ವೃತ್ತದಲ್ಲಿ ನಿಂತಿದ್ದೀರಿ. ಚಾಮರಾಜನಗರದ ಬಸ್ಸು ಈಗಷ್ಟೇ ಹೊರಟಿತು, ಯಳಂದೂರಿನದು ಇನ್ನೂ ಬಂದಿಲ್ಲ. ಕೈಯಲ್ಲಿ ಈ ಊರಿನ ವಿಳಾಸ ಬರೆದ ಲಕೋಟೆ. ಕೊನೆಯ ಸಾಲಿನಲ್ಲಿ ಆರು ಅಂಕಿ: 571115. ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ 5 ಕರ್ನಾಟಕ, ಆಂಧ್ರ, ತೆಲಂಗಾಣದ ವಲಯದ ಗುರುತು. ಅಂಚೆಯವರಿಗೆ ಅಷ್ಟು ಸಾಕು. ನೀವು ಲಕೋಟೆ ತಿರುಗಿಸಿ, ಖಾಲಿ ಬದಿಯಲ್ಲಿ ಅದೇ ಸಂಖ್ಯೆ ಬರೆಯಿರಿ. ಐದು ಲಕ್ಷದ ಎಪ್ಪತ್ತೊಂದು ಸಾವಿರದ ನೂರ ಹದಿನೈದು.

ಕೊನೆಯಲ್ಲಿ 5 ಇರುವುದರಿಂದ ಐದರಿಂದ ಭಾಗಿಸಿ. 114223 ಬಂತು. ಅಂಕಿಗಳನ್ನು ಕೂಡಿದರೆ 13, ಹಾಗಾಗಿ ಮೂರರಿಂದ ಹೋಗದು. ಏಳರಿಂದ ಭಾಗಿಸಿದರೆ ಶೇಷ 4, ಹನ್ನೊಂದರಿಂದ 10, ಹದಿಮೂರರಿಂದ 5. ಈಗ ಹದಿನೇಳು. ಹದಿನೇಳಾರ್ಲ ನೂರೆರಡು, ಉಳಿದದ್ದು 12. ಎರಡು ಇಳಿಸಿ, 122. ಹದಿನೇಳೇಳ್ಲ ನೂರ ಹತ್ತೊಂಬತ್ತು. ಮತ್ತೆ ಎರಡು ಇಳಿಸಿ, 32. ಹದಿನೇಳೊಂದ್ಲ ಹದಿನೇಳು. ಮೂರು ಇಳಿಸಿದರೆ 153. ಹದಿನೇಳೊಂಬತ್ಲ ನೂರೈವತ್ತಮೂರು. ಶೇಷ ಸೊನ್ನೆ!

ಭಾಗಲಬ್ಧ 6719. ಅದರ ವರ್ಗಮೂಲ 82ಕ್ಕಿಂತ ಕಡಿಮೆ; 17ರಿಂದ 79ರವರೆಗಿನ ಹದಿನಾರು ಅವಿಭಾಜ್ಯಗಳನ್ನು ನೋಡಿದರೆ ಸಾಕು. ಒಂದೊಂದನ್ನೂ ಹಚ್ಚಿ ನೋಡಿ. ಪ್ರತಿ ಸಲವೂ ಏನಾದರೂ ಉಳಿಯುತ್ತದೆ. 6719 ಕೂಡ ಅವಿಭಾಜ್ಯ.

571115 = 5 × 17 × 6719.

ಐದರ ಬದಲು ಹದಿನೇಳರಿಂದಲೇ ಶುರುಮಾಡಿ. 33595 ಬರುತ್ತದೆ, ಅದನ್ನು ಐದರಿಂದ ಭಾಗಿಸಿದರೆ ಮತ್ತೆ 6719. ಯಾವ ಕಡೆಯಿಂದ ಬಿಡಿಸಿದರೂ ಸಿಗುವುದು ಇದೇ ಮೂರು. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣಸಂಖ್ಯೆಗಾದರೂ ಈ ಮಾತು ಸಲ್ಲುತ್ತದೆಂದು ಗಣಿತಜ್ಞ ಗಾಸ್ 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿ ತೋರಿಸಿದ.

ಈಗ ಇದರ ಜಾತಕ ಬರೆಯಬಹುದು. ಒಟ್ಟು ಎಂಟು ಅಪವರ್ತನಗಳು. ಸಂಖ್ಯೆಯನ್ನು ಬಿಟ್ಟು ಮಿಕ್ಕ ಏಳನ್ನು ಕೂಡಿ: 154645. ಆರರ ಅಪವರ್ತನಗಳಾದ 1, 2, 3 ಕೂಡಿದರೆ ಆರೇ ಬರುತ್ತದೆ, ಅದು ಪರಿಪೂರ್ಣ ಸಂಖ್ಯೆ. ನಮ್ಮದರ ಮೊತ್ತ ಸಂಖ್ಯೆಗಿಂತ ಕಡಿಮೆ, ಹಾಗಾಗಿ ಅದು ಕೊರತೆಯ ಗುಂಪಿಗೆ ಸೇರಿತು. ಇನ್ನು ಕೊನೆಯ 15ನ್ನು ನಾಲ್ಕರಿಂದ ಭಾಗಿಸಿ, ಉಳಿಯುವುದು 3; ಇಡೀ ಸಂಖ್ಯೆಗೂ ಅದೇ ಶೇಷ. ಯಾವ ವರ್ಗಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೂ ಶೇಷ 0 ಅಥವಾ 1. ಅಂಥ ಎರಡನ್ನು ಕೂಡಿದರೆ 3 ಎಂದೂ ಬಾರದು. ಎರಡು ವರ್ಗಗಳ ಮೊತ್ತವಾಗಿ 571115ನ್ನು ಬರೆಯಲು ಸಾಧ್ಯವೇ ಇಲ್ಲ. ಒಂದನ್ನೂ ಹುಡುಕದೆ ಇದು ತಿಳಿಯಿತು!

ನೀವು ಬಿಡಿಸಿದಿರಿ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಪೋಣಿಸಿದ: 152207 × 73. ಲಕೋಟೆಯ ಮೂಲೆಯಲ್ಲಿ ಗುಣಿಸಿ ನೋಡಿ. 11111111, ಎಂಟು ಒಂದುಗಳ ಹಾರ.

ನಾಳೆ ಅಂಚೆ ಇಲಾಖೆ ಸಂತೆಮರಹಳ್ಳಿಗೆ ಬೇರೆ ಸಂಖ್ಯೆ ಕೊಟ್ಟೀತು. 571115ರೊಳಗಿನ ಆ ಮೂರನ್ನು ಬದಲಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಅದನ್ನು ಕಣ್ಣಾರೆ ಕಾಣಲು ಒಂದು ಪೆನ್ನು ಮತ್ತು ಹದಿನೇಳರ ಮಗ್ಗಿ ಸಾಕಾಯಿತು.