ಪಾಟಲಿಪುತ್ರದಿಂದ ಸಿದ್ದಾಪುರಕ್ಕೆ ಎಷ್ಟು ದೂರ?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ ಬಿಸಿಲು, ಬಂಡೆಗಳ ನಡುವಿನ ಸಣ್ಣ ಊರು. ಇಲ್ಲಿ ವಿಮಾನ ಇಳಿಯುವುದಿಲ್ಲ. ಆದರೂ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಪಾಟಲಿಪುತ್ರದ ದೊರೆ ಅಶೋಕನ ಮಾತು ಇಲ್ಲಿಗೆ ಬಂದು ತಲುಪಿತ್ತು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟಗಳ ಬಂಡೆಗಳ ಮೇಲಿದ್ದ ಆ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು.

ಪಾಟಲಿಪುತ್ರವೆಂದರೆ ಇಂದಿನ ಪಟ್ನಾ. ಅಲ್ಲಿಂದ ಸಿದ್ದಾಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 1,500 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ಎರಡು ಗಂಟೆಯೊಳಗಿನ ಹಾದಿ. ದಿನಕ್ಕೆ 25 ಕಿ.ಮೀ. ನಡೆಯುವವನಿಗೆ 60 ದಿನ. ಆದರೆ ಕಾಲುದಾರಿ ಗೆರೆ ಎಳೆದಂತೆ ಸಾಗುವುದಿಲ್ಲ. ಕಾಡು ಬಳಸಬೇಕು, ಗೋದಾವರಿ, ಕೃಷ್ಣೆಯರನ್ನು ದಾಟಬೇಕು, ಪ್ರವಾಹ ಇಳಿಯುವವರೆಗೆ ಕಾಯಬೇಕು.

ಮಾತು ಬಂದದ್ದು ಸುವರ್ಣಗಿರಿಯ ಮೂಲಕ. ಅಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿಯೇ ಆಜ್ಞೆ ಆರಂಭಿಸುತ್ತಾರೆ. ಬ್ರಹ್ಮಗಿರಿಯ ತಪ್ಪಲಲ್ಲಿದ್ದ ಪಟ್ಟಣವೇ ಈ ಇಸಿಲ. ಬರೆದವನು ಚಪಡ. ಬ್ರಾಹ್ಮೀ ಶಾಸನದ ಕೊನೆಗೆ 'ಲಿಪಿಕಾರ' ಎಂಬರ್ಥದ ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಇನ್ನೂ ದೂರದ ಗಾಂಧಾರದ ಲಿಪಿ.

ಇಷ್ಟು ದೂರ ನಡೆದು ಬಂದ ಸಂದೇಶವಾದರೂ ಏನು? ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಎರಡು ತಿಂಗಳ ದಾರಿಯನ್ನು ವಿಜ್ಞಾನ ಎರಡು ಗಂಟೆಗೆ ಇಳಿಸಿದೆ. ಈ ನಾಲ್ಕು ಮಾತುಗಳು ಬಂಡೆಯಿಂದ ಬದುಕಿಗೆ ಇಳಿಯಲು ಮಾತ್ರ ಯಾವ ವಿಮಾನವೂ ಇಲ್ಲ.