ಬಿದ್ದ ಕಾರು ಎತ್ತಿಡುವವರು

ಇಂಗ್ಲೆಂಡಿಗೆ ಹೋಗಿ ಬಂದವರು ಬರೆಯುವುದೆಲ್ಲ ಲಂಡನ್ನಿನ ಬಗ್ಗೆ. ನನಗೆ ಲಂಡನ್ ಹಿಡಿಸಲಿಲ್ಲ. ಥೇಮ್ಸ್ ದಂಡೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ, ನೀರಿನ ಬಾಟಲಿಗೂ ನಮ್ಮ ಕಡೆಯ ಒಂದು ಊಟದ ದುಡ್ಡು, ಮ್ಯೂಸಿಯಮ್ಮಿನಲ್ಲಿ ಶಿಲ್ಪಕ್ಕೆ ಬೆನ್ನು ಕೊಟ್ಟು ಫೋಟೋ ತೆಗೆದುಕೊಳ್ಳುವವರ ಸಾಲು. ಆ ದಿನಗಳನ್ನು ಇಲ್ಲಿಗೇ ಬಿಡುತ್ತೇನೆ. ನಾನು ಬರೆಯಬೇಕೆಂದು ಕೂತಿರುವುದು ಅಲ್ಲಿಂದ ದಕ್ಷಿಣಕ್ಕೆ, ಸಮುದ್ರದ ಸಮೀಪ, ಪೋರ್ಟ್ಸ್‌ಮತ್ ಕಡೆಯ ಸಣ್ಣ ಊರೊಂದರ ಒಂದು ಸಂಜೆಯ ಬಗ್ಗೆ.

ಅಕ್ಕನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಸಿರಿಗೇರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ಓದಿ, ಬೆಂಗಳೂರು ದಾಟಿ ಹೋದವನು. ಅವತ್ತು ಕೆಲಸದಿಂದ ಬಂದವನೇ ಚಹಾ ಕುಡಿದು, ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. “ಬರ್ರಿ ಮಾಮಾ, ಕಾರ್ ರೇಸಿಗೆ ಹೋಗಿ ಬರೋಣು” ಅಂದ. ಪೆಟ್ಟಿಗೆಯೊಳಗೆ ಅಂಗೈಯುದ್ದದ ಕಾರುಗಳು.

“ಹುಡುಗರು ಆಡೋವು ಅಲ್ಲೇನೋ ಇವು?”

“ಬಂದು ನೋಡ್ರಿ, ಆಮ್ಯಾಗ ಹೇಳ್ರಿ.”

ಊರಿನ ಹಳೆಯ ಸಮುದಾಯ ಭವನ ಅದು. ಅರ್ಧ ಜಾಗವನ್ನು ಸೊಂಟದೆತ್ತರಕ್ಕೆ ಜೋಡಿಸಿದ ಮರದ ಟ್ರ್ಯಾಕು ಹಿಡಿದಿತ್ತು. ಹಲಗೆಯಲ್ಲಿ ಕಾರಿಗೊಂದರಂತೆ ಮೂರು ಮಿಲಿಮೀಟರಿನಷ್ಟು ಅಗಲದ ಗೀರು ಕೊರೆದಿರುತ್ತಾರೆ. ಅದಕ್ಕೇ ಸ್ಲಾಟ್ ಅನ್ನುವುದು. ಗೀರಿನ ಎರಡೂ ಬದಿಗೆ ತಾಮ್ರದ ಪಟ್ಟಿ, ಪಟ್ಟಿಯಲ್ಲಿ ಹನ್ನೆರಡು ವೋಲ್ಟಿನಷ್ಟು ಕರೆಂಟು. ಕಾರಿನ ಮೂತಿಯ ಕೆಳಗೆ ಪ್ಲಾಸ್ಟಿಕ್ಕಿನ ಒಂದು ನಾಲಿಗೆ ಇರುತ್ತದೆ. ಎಡೆಕುಂಟೆ ಸಾಲು ಬಿಡದೆ ಹೋಗುವಂತೆ ಆ ನಾಲಿಗೆ ಗೀರಿನೊಳಗೇ ಸಾಗುತ್ತದೆ. ಅದರ ಅಕ್ಕಪಕ್ಕದ ತಾಮ್ರದ ಎಳೆಗಳು ಪಟ್ಟಿಯನ್ನು ಸವರುತ್ತ ಮೋಟರಿಗೆ ಕರೆಂಟು ಒಯ್ಯುತ್ತವೆ. ಸ್ಟೇರಿಂಗ್ ಇಲ್ಲ. ಆಡುವವನ ಕೈಯಲ್ಲಿರುವುದು ಪಿಸ್ತೂಲಿನ ಕುದುರೆಯಂಥದ್ದು ಒಂದೇ. ಒತ್ತಿದಷ್ಟು ವೇಗ, ಬಿಟ್ಟರೆ ಬ್ರೇಕು.

ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಮೊದಲ ಸುತ್ತು ಶುರುವಾಯಿತು. ಕಣ್ಣು ಹಿಂಬಾಲಿಸಲಾರದಷ್ಟು ಬಿರುಸು. ಮನೆಯಲ್ಲಿ ಆಡುವ ಸೆಟ್ಟುಗಳ ಕಾರಿನ ಹೊಟ್ಟೆಯಲ್ಲಿ ಅಯಸ್ಕಾಂತ ಇಟ್ಟಿರುತ್ತಾರೆ. ಅದು ಉಕ್ಕಿನ ಹಳಿಯನ್ನು ಸೆಳೆದು ಕಾರನ್ನು ಬೀಳಗೊಡುವುದಿಲ್ಲ. ಇಲ್ಲಿಯದು ತಾಮ್ರ, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಬೆರಳಿನ ಹದವೊಂದೇ ಆಸರೆ. ತಿರುವಿನಲ್ಲಿ ಒಂದಿಷ್ಟು ಹೆಚ್ಚು ಒತ್ತಿದರೆ ಹಿಂಬದಿ ಜಾರಿ, ನಾಲಿಗೆ ಗೀರು ಬಿಟ್ಟು, ಕಾರು ಪಲ್ಟಿ.

ಹಾಗೆ ಬಿದ್ದ ಕಾರನ್ನು ಓಡಿಸುವವನು ಮುಟ್ಟುವ ಹಾಗಿಲ್ಲ. ಅವನು ತನ್ನ ಜಾಗದಲ್ಲೇ ನಿಂತಿರಬೇಕು. ಎತ್ತಿಡುವವರು ಬೇರೆಯವರು. ಪ್ರತಿ ತಿರುವಿನಲ್ಲೂ ಒಬ್ಬೊಬ್ಬ ನಿಂತಿರುತ್ತಾನೆ. ಅವರನ್ನು ಮಾರ್ಷಲ್ ಅನ್ನುತ್ತಾರೆ. ಇವರು ಸಂಬಳದ ಆಳುಗಳಲ್ಲ, ಈಗಷ್ಟೇ ಓಡಿಸಿದವರು, ಇಲ್ಲವೇ ಮುಂದಿನ ಸುತ್ತಿನಲ್ಲಿ ಓಡಿಸುವವರು. ಓಡಿಸಿದವನು ಎತ್ತಿಡುವ ಪಾಳಿಯನ್ನೂ ಮಾಡಲೇಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಹನ್ನೆರಡು ವರ್ಷದವನಿರಬಹುದಾದ ಒಬ್ಬ ಹುಡುಗ ಅವತ್ತು ಚೆನ್ನಾಗಿ ಓಡಿಸುತ್ತಿದ್ದ. ಒಟ್ಟು ಲೆಕ್ಕದಲ್ಲಿ ಅವನಿಗಿಂತ ತುಸುವೇ ಹಿಂದಿದ್ದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಹುಡುಗನ ಕಾರು ದೂರದ ತಿರುವಿನಲ್ಲಿ ಹಾರಿಬಿದ್ದಾಗ ಅಲ್ಲಿ ಮಾರ್ಷಲ್ ಆಗಿ ನಿಂತಿದ್ದವರು ಆ ಹಿರಿಯರೇ. ಎರಡು ಕ್ಷಣ ತಡ ಮಾಡಿದ್ದರೆ ಸಾಕಿತ್ತು, ಗೆಲುವು ಅವರದಾಗುತ್ತಿತ್ತು. ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಆ ಮನುಷ್ಯ ನೋಯುವ ಸೊಂಟವನ್ನು ಬಗ್ಗಿಸಿ, ನೆಲಕ್ಕೆ ಬಿದ್ದಿದ್ದ ಕಾರನ್ನು ಬಾಚಿಕೊಂಡು, ಗೀರಿಗೆ ಕೂಡಿಸಿ ಕೈ ತೆಗೆದಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಹುಡುಗ ಗೆದ್ದ. ಹಿರಿಯರು ಚಪ್ಪಾಳೆ ತಟ್ಟಿದರು. ಬಹುಮಾನದ ದುಡ್ಡೇನೂ ಇಲ್ಲ. ಗೋಡೆಯ ಮೇಲಿನ ಪಟ್ಟಿಯಲ್ಲಿ ಹೆಸರು ಒಂದು ಮೆಟ್ಟಿಲು ಮೇಲೆ ಹೋಗುತ್ತದೆ, ಅಷ್ಟೇ.

ಇನ್ನೊಂದು ಕಟ್ಟಳೆಯೂ ನನಗೆ ಬಹಳ ಹಿಡಿಸಿತು. ಒಳಗಿನ ಗೀರು, ಹೊರಗಿನ ಗೀರು ಎರಡೂ ಒಂದೇ ಅಲ್ಲ. ಒಂದರಲ್ಲಿ ತಿರುವು ಬಿಗಿ, ಇನ್ನೊಂದರಲ್ಲಿ ಸಡಿಲ. ಅದಕ್ಕೇ ಪ್ರತಿಯೊಬ್ಬನೂ ಒಂದೊಂದು ಗೀರಿನಲ್ಲೂ ಒಂದೊಂದು ಸುತ್ತು ಆಡಬೇಕು, ಕಡೆಗೆ ಎಲ್ಲವನ್ನೂ ಕೂಡಿಸುತ್ತಾರೆ. ಒಳ್ಳೆಯ ಸಾಲು ಸಿಕ್ಕವನು ಗೆದ್ದ, ಕೆಟ್ಟ ಸಾಲು ಸಿಕ್ಕವನು ಸೋತ ಎಂಬ ಮಾತೇ ಬರದು. ಕಾಲುವೆಯ ಮೇಲ್ತುದಿಯ ಹೊಲದವನಿಗೆ ನೀರು, ಕೆಳತುದಿಯವನಿಗೆ ಜಗಳ ಎನ್ನುವ ಸೀಮೆಯಿಂದ ಹೋದ ನನಗೆ ಈ ಲೆಕ್ಕ ಮನಸ್ಸಿಗೆ ನಾಟಿತು.

ನಡುವೆ ಚಹಾ. ಆ ಹಿರಿಯರು ಬಂದು ಪಕ್ಕದಲ್ಲಿ ಕೂತರು. ಹತ್ತಿರದ ಹ್ಯಾವಂಟ್ ಊರಿನ ಕಾರ್ಖಾನೆಯಲ್ಲಿ ತಮ್ಮ ತಾಯಿ ಕೆಲಸ ಮಾಡುತ್ತಿದ್ದರು ಎಂದರು. ಈ ಆಟ ಮನೆಮನೆಗೆ ಹೋದದ್ದು ಆ ಕಾರ್ಖಾನೆಯಿಂದ. ಅಮೆರಿಕದ ಲಯನೆಲ್ ಕಂಪನಿ 1912ರಲ್ಲೇ ಕರೆಂಟಿನ ಆಟಿಕೆ ಕಾರುಗಳನ್ನು ಮಾರಿತ್ತು, ಆದರೆ ಅದು ಹೆಚ್ಚು ಕಾಲ ಉಳಿಯಲಿಲ್ಲ. ಹ್ಯಾವಂಟಿನ ಆ ಕಾರ್ಖಾನೆಯ ಒಡೆಯ, ಫ್ರೆಡ್ ಫ್ರಾನ್ಸಿಸ್ ಎಂಬ ಕುಶಲಕರ್ಮಿ, ಮಿನಿಮಾಡೆಲ್ಸ್ ಎಂಬ ತನ್ನ ಕಂಪನಿಯಲ್ಲಿ ಸ್ಪ್ರಿಂಗಿನಿಂದ ಓಡುವ ‘ಸ್ಕೇಲೆಕ್ಸ್’ ತಗಡಿನ ಕಾರುಗಳನ್ನು ಮಾಡುತ್ತಿದ್ದ. ಅವುಗಳ ಬೇಡಿಕೆ ಇಳಿಯತೊಡಗಿದಾಗ ಒಳಗೆ ಮೋಟರು ಕೂಡಿಸಿದ. 1957ರ ಜನವರಿಯಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಅದು ‘ಸ್ಕೇಲೆಕ್ಸ್‌ಟ್ರಿಕ್’ ಆಗಿ ಹೊರಬಂತು. ಬೇಡಿಕೆ ಎಷ್ಟೆಂದರೆ ತನ್ನ ಕೈಯಲ್ಲಿ ಪೂರೈಸಲಾಗದೆ ಮರುವರ್ಷವೇ ಕಂಪನಿಯನ್ನು ದೊಡ್ಡ ಆಟಿಕೆ ಸಂಸ್ಥೆ ಲೈನ್ಸ್ ಬ್ರದರ್ಸ್‌ಗೆ ಮಾರಿಬಿಟ್ಟ. 1960ರ ದಶಕದಲ್ಲಿ ಅಮೆರಿಕದ ಊರೂರಿನಲ್ಲಿ ದುಡ್ಡು ಕೊಟ್ಟು ಆಡುವ ದೊಡ್ಡ ಟ್ರ್ಯಾಕುಗಳು ಎದ್ದವು. ದಶಕ ಮುಗಿಯುವುದರೊಳಗೆ ಬಹುಪಾಲು ಬಾಗಿಲು ಹಾಕಿದವು. ವ್ಯಾಪಾರ ಹೋಯಿತು, ಆಟ ಇಂಥ ಭವನಗಳಲ್ಲಿ ಉಳಿಯಿತು.

ಆ ಕಾಲದ ಹುಡುಗರು ವೇಗಕ್ಕಾಗಿ ಮೋಟರನ್ನು ಬಿಚ್ಚಿ, ಆರ್ಮೇಚರಿಗೆ ತಾವೇ ಬೇರೆ ತಂತಿ ಸುತ್ತುತ್ತಿದ್ದರಂತೆ. ಹಿರಿಯರು ಇದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಸಿರುಗುಪ್ಪದ ವೈಂಡಿಂಗ್ ಅಂಗಡಿಗಳು. ಸುಟ್ಟ ಪಂಪ್‌ಸೆಟ್ ಮೋಟರಿಗೆ ಎಣಿಸಿ ಎಣಿಸಿ ತಂತಿ ಸುತ್ತುವ ನಮ್ಮ ಹುಡುಗರ ಬೆರಳುಗಳು. ಟೈರನ್ನು ಉಪ್ಪುಕಾಗದಕ್ಕೆ ಉಜ್ಜಿ ಸಮ ಮಾಡುವುದು, ಎಲ್ಲಿ ಚೂರು ಸೀಸ ಅಂಟಿಸಿದರೆ ಕಾರು ಬೀಳದೆ ನಿಲ್ಲುತ್ತದೆಂದು ತೂಗಿ ನೋಡುವುದು, ಇವೆಲ್ಲ ಆ ಅಂಗಡಿಯ ಹುಡುಗರಿಗೆ ಒಂದು ವಾರದ ಕಲಿಕೆ.

ಸಿರಿಗೇರಿ ಸೀಮೆಗೆ ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಜೋಳ ಹೋಗಿ ಭತ್ತ ಬಂತು. ಜೋಳ ಇದ್ದಾಗ ಹುಡುಗರು ಹಸಿ ದಂಟಿನ ಸಿಪ್ಪೆ ಸೀಳಿ, ಒಳಗಿನ ಬೆಂಡಿನಿಂದ ಬಂಡಿ ಕಟ್ಟಿ ಓಡಿಸುತ್ತಿದ್ದರು. ಗಾಲಿ, ಮೂಕಿ, ನೊಗ ಎಲ್ಲ ದಂಟಿನದೇ. ಈಗ ದುಡ್ಡು ಬಂದಿದೆ, ರೈಸ್ ಮಿಲ್ಲುಗಳು ಬಂದಿವೆ, ಊರೂರಿಗೆ ಸಮುದಾಯ ಭವನ ಬಂದಿದೆ. ಮದುವೆಯ ದಿನ ಬಿಟ್ಟರೆ ಭವನಕ್ಕೆ ಬೀಗ. ಪಟ್ಟಣದ ರಿಕ್ರಿಯೇಷನ್ ಕ್ಲಬ್ಬುಗಳಲ್ಲಿ ಇಸ್ಪೀಟು ನಡೆಯುತ್ತದೆ, ಅಲ್ಲಿಗೆ ಮಗನನ್ನು ಕರೆದುಕೊಂಡು ಹೋಗುವ ತಂದೆಯನ್ನು ನಾನು ಕಂಡಿಲ್ಲ. ಸಂಜೆ ಏಳಕ್ಕೆ ಮಗ ಒಂದು ಮೂಲೆಯಲ್ಲಿ ಮೊಬೈಲು, ತಂದೆ ಇನ್ನೊಂದು ಮೂಲೆಯಲ್ಲಿ ಮೊಬೈಲು. ಇದು ನನಗೆ ನೋವಿನ ಸಂಗತಿ.

ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಅದೇ ಜಿಲ್ಲೆಯ ಕಿನ್ನಾಳದ ಬಣ್ಣದ ಗೊಂಬೆಗಳ ಹೆಸರು ಅದಕ್ಕಿಂತ ಬಹಳ ಹಳೆಯದು. ಹೊರದೇಶದ ಮಕ್ಕಳಿಗೆ ಆಟಿಕೆ ಮಾಡಿ ಕಳಿಸುವುದು ಒಳ್ಳೆಯದೇ. ನಮ್ಮವರೂ ಆಡಬೇಕು, ಮಕ್ಕಳ ಜತೆಗೆ ದೊಡ್ಡವರೂ.

ಅವತ್ತು ಕೊನೆಗೆ ಟ್ರ್ಯಾಕು ಒರೆಸಿ, ಕುರ್ಚಿ ಮಡಚಿಟ್ಟು, ಚಹಾದ ಕಪ್ಪು ತೊಳೆದಿಟ್ಟು ಎಲ್ಲರೂ ಕೂಡಿಯೇ ಹೊರಟರು. ದಾರಿಯಲ್ಲಿ ಅಳಿಯನನ್ನು ಕೇಳಿದೆ, “ನಮ್ಮೂರಾಗ ಇದನ್ನ ಮಾಡಾಕ ಆಗತೈತೇನೋ?” ಅವನು ತಟ್ಟನೆ ಲೆಕ್ಕ ಹೇಳಿದ: ನಾಲ್ಕು ಎಂಡಿಎಫ್ ಹಲಗೆ, ಬಡಿಗರ ಹತ್ತಿರ ಇರುವ ರೂಟರ್ ಮಷಿನ್ನು, ಅಂಟುವ ತಾಮ್ರದ ಪಟ್ಟಿ, ಹನ್ನೆರಡು ವೋಲ್ಟಿನ ಒಂದು ಅಡಾಪ್ಟರು. ಕಾರುಗಳಿಗೇ ಹೆಚ್ಚು ಖರ್ಚು, ಅವನ್ನು ಮೊದಲಿಗೆ ತಾನು ಕಳಿಸುತ್ತೇನೆ ಎಂದ.

ಸಿರಿಗೇರಿ, ಸಿರುಗುಪ್ಪ, ಕುರುಗೋಡು ಕಡೆಯ ಮೇಷ್ಟ್ರುಗಳೇ, ಬಡಿಗರೇ, ವೈಂಡಿಂಗ್ ಅಂಗಡಿಯ ತಮ್ಮಂದಿರೇ, ಒಂದು ಹಲಗೆ ಕೊರೆದು ನೋಡಿ. ಪಂಚಾಯಿತಿಯವರು ವಾರಕ್ಕೆ ಒಂದು ಸಂಜೆ ಭವನದ ಬೀಗ ತೆಗೆಯಲಿ. ಎತ್ತಿಡುವ ಪಾಳಿಗೆ ನಾನು ಬರುತ್ತೇನೆ.